ಗಿಳಿಯ ಹೊಟ್ಟೆಯೊಳಗಿನ ಕಲ್ಲು

ಮರದ ಹಕ್ಕಿ ಕೊಳ್ಳುವವರಿಗೆ ನನ್ನದೊಂದು ಸಲಹೆ: ಮೊದಲು ಮುಖ ನೋಡಬೇಡಿ, ಬುಡ ನೋಡಿ. ನಿನ್ನೆ ಬಂಗಾರಪೇಟೆಯ ಅಂಗಡಿಯೊಂದರಲ್ಲಿ ಹಸಿರು ಗಿಳಿಯೊಂದನ್ನು ಹಾಗೆಯೇ ತಿರುಗಿಸಿ ನೋಡುವಾಗ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಬೆಲೆ ಕೇಳುವುದನ್ನೇ ಮರೆತೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಉರಿಗಾಂನ ಮುನಿಸ್ವಾಮಿ ಚಿನ್ನದ ಗಣಿಯಲ್ಲಿ ಬಡಗಿ. ಬಿಡುವಿನಲ್ಲಿ ಗಿಳಿ, ಗೊರವಂಕ, ಮಿಂಚುಳ್ಳಿ ಕೆತ್ತಿ ಬಣ್ಣ ಬಳಿಯುತ್ತಿದ್ದ. ನಾನು ಅವನ್ನು ಮನೆಮನೆಗೆ ಹೊತ್ತು ಮಾರುತ್ತಿದ್ದೆ. ಗೋಡೆಗೂಡಿನಲ್ಲಿ ಒಂದು ಹಕ್ಕಿ ಕೂತರೆ ಮಣ್ಣಿನ ಮನೆಗೂ ಕಳೆ ಬರುತ್ತದೆಂದು ಎಷ್ಟು ಹೆಂಗಸರನ್ನು ಒಪ್ಪಿಸಿದ್ದೆನೋ. ತೊಂದರೆ ಒಂದೇ. ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ಮೇಲೆ ಮನೆಗಳು ನಡುಗುತ್ತಿದ್ದವು. ಹಕ್ಕಿಗಳು ಬಿದ್ದು ಕೊಕ್ಕು ಮುರಿಯುತ್ತಿದ್ದವು. ಸಲಹೆ ಕೊಡದಿದ್ದರೆ ನನಗೆ ಅನ್ನ ಅರಗುವುದಿಲ್ಲವಲ್ಲ: “ಹೊಟ್ಟೆ ಕೊರೆದು ಕಲ್ಲು ತುಂಬು, ಬೆಣೆ ಹೊಡೆದು ಮೇಲೆ ಬಣ್ಣ ಬಳಿ” ಎಂದೆ. ಹಕ್ಕಿಗಳು ಅಲುಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಒಂದು ರಜೆಯ ದಿನ ಇಬ್ಬರೂ ಚೀಲ ಹೊತ್ತು ಬಂಗಾರಪೇಟೆಗೆ ಹೊರಟಾಗ ಗಣಿಯ ಗೇಟಿನ ಕಾವಲುಗಾರ ತಡೆದು ಒಂದು ಗಿಳಿ ಎತ್ತಿದ.

“ಏನ್ಲಾ ಮುನಿಸಾಮಿ, ಗಿಳಿ ಬಸ್ರೀನಾ? ಇಷ್ಟು ಬಾರ ಐತೆ.”

“ಹಸಿ ಮರ, ಸಾಮಿ,” ನಾನು ಬಾಯಿ ಹಾಕಿದೆ.

ಅವನು ಅದನ್ನು ಕಿವಿಯ ಬಳಿ ಅಲ್ಲಾಡಿಸಿದ. “ಅಸಿ ಮರ ಗಿಲಿಗಿಲಿ ಅಂತೈತಾ?”

ಚಿನ್ನದ ಅದಿರು ಕದ್ದವನೆಂದಾದರೆ ಕೆಲಸವೂ ಹೋಯಿತು, ಗಣಿಯವರು ಕೊಟ್ಟ ಮನೆಯೂ ಹೋಯಿತು. “ಕಲ್ಲು ಎಲ್ಲೀದು?” ಎಂದು ಮುನಿಸ್ವಾಮಿಯ ಕಿವಿಯಲ್ಲಿ ಕೇಳಿದೆ. “ನಮ್ಮನೆ ಪಕ್ಕದ ಗುಡ್ಡೇದು” ಎಂದ. ಅದು ಗಣಿಯೊಳಗಿಂದ ತಂದು ಸುರಿದ ಕಲ್ಲಿನ ಗುಡ್ಡೆ. ಕಲ್ಲನ್ನು ಎಲ್ಲಿಂದ ತರಬಾರದೆಂದು ನಾನು ಹೇಳಿರಲೇ ಇಲ್ಲ.

ಕಾವಲುಗಾರ ಸುತ್ತಿಗೆ ಎತ್ತಿಕೊಂಡ. ಮುನಿಸ್ವಾಮಿ, “ಒಡೀಬೇಡಿ, ನಾನೇ ಬಿಚ್ತೀನಿ” ಎಂದು ಬೆಣೆ ಕಿತ್ತು ಕಲ್ಲು ಸುರಿದ. ಒಂದರಲ್ಲಿ ಹಳದಿ ಮಿಣುಕು.

“ಈ ಬುದ್ದಿ ಯಾರ್ಲಾ ಏಳ್ಕೊಟ್ಟಿದ್ದು?”

ಮುನಿಸ್ವಾಮಿ ನನ್ನ ಕಡೆ ನೋಡಲಿಲ್ಲ. “ನಂದೇ, ಸಾಮಿ.”

ಎಂಥ ಗಿರಾಕಿಯ ಬಾಯನ್ನೂ ಮುಚ್ಚಿಸುತ್ತಿದ್ದ ನಾನು ಬಗ್ಗಿ, ಉಳಿದ ಹಕ್ಕಿಗಳನ್ನು ಚೀಲಕ್ಕೆ ತುಂಬತೊಡಗಿದೆ.

ಪರೀಕ್ಷೆಗೆ ಹೋದ ಕಲ್ಲಿನಲ್ಲಿ ಚಿನ್ನವಿಲ್ಲವೆಂದು ಗೊತ್ತಾಗುವವರೆಗೆ, ಎಂಟು ದಿನ, ಅವನನ್ನು ಕೆಲಸಕ್ಕೆ ಬಿಡಲಿಲ್ಲ. ಕೆಲಸ ಉಳಿಯಿತು. ಆದರೆ ಅಲ್ಲಿಂದ ಮುಂದೆ ದಿನಾ ಗೇಟಿನಲ್ಲಿ ಅವನೊಬ್ಬನ ತಲೆರುಮಾಲನ್ನು ಬಿಚ್ಚಿಸಿ ಝಾಡಿಸುತ್ತಿದ್ದರಂತೆ. ಹೊಸ ಹಕ್ಕಿ ಕೇಳಲು ಹೋದರೆ, “ಬ್ಯಾಡಣ್ಣಾ, ಕೈ ನಡುಗ್ತೈತೆ. ಕಣ್ಣು ಬರೆಯಾಕಾಗಲ್ಲ” ಎಂದ. ಟೀ ಕೊಟ್ಟ. ಬೈಯಲಿಲ್ಲ.

ಅಂಗಡಿಯವನು “ತಗೊಳ್ತೀರಾ, ಯಜಮಾನ್ರೇ?” ಎಂದಾಗ ಗಿಳಿಯನ್ನು ಕೆಳಗಿಟ್ಟು ಮನೆಗೆ ಬಂದೆ. ಮುನಿಸ್ವಾಮಿ ಈಗಿಲ್ಲ, ಆ ಕಾವಲುಗಾರನೂ ಇರಲಾರ. ಆದರೂ ಅವತ್ತು ಅವನು ಕೇಳಿದ್ದಕ್ಕೆ ನಿಮ್ಮೆದುರು ಉತ್ತರ ಬರೆದಿಡುತ್ತೇನೆ: ಹೇಳಿಕೊಟ್ಟವನು ನಾನು.