ಮೀನೆಣ್ಣೆ ಕುಡಿದ ಅಂಬಾಸಿಡರ್

ಬೆಳಕು ಹರಿಯುವ ಹೊತ್ತಿಗೇ ಜಟ್ಟ ನಾಯ್ಕರು ಕಾರಿನ ಬಾನೆಟ್ಟಿನೊಳಗೆ ಮೂಗು ತೂರಿಸಿ ವಾಸನೆ ನೋಡುತ್ತಿದ್ದಾರೆ. ಕುಮಟಾ ಹತ್ತಿರದ ಬಾಡದಲ್ಲಿ ಮಾಬ್ಲ ಅಂಬಿಗರ ತಗಡಿನ ಶೆಡ್ಡು. ಒಳಗೆ ಹದಿನಾಲ್ಕು ವರ್ಷದಿಂದ ನಿಂತ ಅಂಬಾಸಿಡರ್. ಮಾಬ್ಲರು ಸ್ಟೂಲ್ ಹಾಕಿಕೊಂಡು ಎದುರೇ ಕೂತಿದ್ದಾರೆ. ಜಟ್ಟರು ಒಳ್ಳೆಯ ಸಾಮಾನು ಬಿಚ್ಚಿ ಚೀಲಕ್ಕೆ ಇಳಿಸಿಬಿಟ್ಟರೆ ಎಂಬ ಗುಮಾನಿ ಅವರದು. ಜಟ್ಟರ ಗುಮಾನಿಯೇನು ಕಮ್ಮಿಯೇ?

"ಗಾಡಿ ಸುಳ್ಳು ಹೇಳೂದಿಲ್ಲ. ಮನೆಯವ್ರು ಹೇಳ್ತ್ರು," ಎನ್ನುತ್ತಾರೆ.

ಅರವತ್ತೊಂದರ ಜಟ್ಟರು ಹೊನ್ನಾವರದವರು, ಬೋಟಿನ ಎಂಜಿನ್ನಿನಲ್ಲಿ ಕೈ ಪಳಗಿಸಿಕೊಂಡವರು. ಭಟ್ಕಳದಿಂದ ಕುಮಟಾದವರೆಗೆ ಮೂಲೆ ಸೇರಿದ ಕಾರುಗಳನ್ನು ಎಬ್ಬಿಸುವುದು ಇಪ್ಪತ್ತೆಂಟು ವರ್ಷದ ಕಸುಬು. ಎಬ್ಬಿಸಿದ್ದು ನಲವತ್ತಮೂರು, ಕೈಬಿಟ್ಟದ್ದು ಮೂರು. ಆ ಮೂರನ್ನೂ ಯಜಮಾನರು ಮೊದಲೇ ಕೀಲಿ ತಿರುಗಿಸಿ ಸೆಲ್ಫ್ ಹೊಡೆದು ಕೆಡಿಸಿ, "ಮುಟ್ಟಲೇ ಇಲ್ಲ" ಎಂದಿದ್ದರಂತೆ. ಅಂದಿನಿಂದ ಹೋದಲ್ಲೆಲ್ಲ ಕೀಲಿ ಮೊದಲು ಇವರ ಜೇಬಿಗೆ. ಫ್ಯಾನ್ ಬೆಲ್ಟಿಗೆ ಒಂದು ಬೆರಳು ಹೋಗಿದೆ. ಅಂಗಡಿಯಿಲ್ಲ, ಬೋರ್ಡಿಲ್ಲ.

ಈ ಕಾರು ಮಾಬ್ಲರ ತಂದೆ, ತೀರಿಕೊಂಡ ಮಾಸ್ತಿಯವರು ಬಾಡಿಗೆಗೆ ಓಡಿಸುತ್ತಿದ್ದದ್ದು. ಗುರುವಾರದೊಳಗೆ ಚಾಲೂ ಆಗದಿದ್ದರೆ ಗುಜರಿಗೆ ಎಂದು ಮಾಬ್ಲರು ಹೇಳಿಬಿಟ್ಟಿದ್ದಾರೆ. ತಾಯಿ ತಿಮ್ಮಕ್ಕನಿಗೆ ಅಂದಿನಿಂದ ಊಟ ಸೇರುತ್ತಿಲ್ಲ.

ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ ಜಪ್ಪಯ್ಯ ಅನ್ನುವುದಿಲ್ಲ. ಜಟ್ಟರು ಪ್ಲಗ್ ಬಿಚ್ಚಿ ಮೂಸುತ್ತಾರೆ. ಒಳಗೆಲ್ಲ ಅಂಟು.

"ಇದ್ರೊಳಗೆ ಎಂತ ಹಾಕಿದ್ರಿ?"

"ಯಾರೂ ಮುಟ್ಲಿಲ್ಲ ಜಟ್ಟಣ್ಣ. ಇಲಿ ಸತ್ತಿರ್ಬೇಕು," ಎಂದರು ಮಾಬ್ಲ.

"ಸತ್ತ ಇಲಿಗೆ ತಾರ್ಲೆ ಮೀನಿನ ವಾಸ್ನೆ ಎಂತಕ್ಕೆ ಬತ್ತದೆ?"

ಬಾಗಿಲಲ್ಲಿದ್ದ ತಿಮ್ಮಕ್ಕ ಸೆರಗು ಹಿಂಡುತ್ತಾರೆ. "ನಾನೇ ಮೀನೆಣ್ಣೆ ಹೊಯ್ದೆ. ಪ್ಲಗ್ ತೆಗಿಯೂದು ನಮ್ಮ ಯಜಮಾನ್ರೇ ತೋರ್ಸಿದ್ರು. ಎಣ್ಣೆ ಹಚ್ಚದಿದ್ರೆ ದೋಣಿ ಹಾಳಾಗೂದಿಲ್ವಾ? ಹಂಗೇ ಅಂದ್ಕಂಡೆ."

ಮಾಬ್ಲರು ಹಾರಾಡಿದರು. ಜಟ್ಟರಿಗೆ ಕೋಪ ನೆತ್ತಿಗೇರಿತು. "ಅಬ್ಬೆಗೆ ಬೈಬೇಡ ಮಾರಾಯಾ. ಹದ್ನಾಲ್ಕು ವರ್ಷ ನೀ ಎಂತ ಮಾಡ್ದೆ?"

ನಾಲ್ಕೂ ಪ್ಲಗ್ ತೂತಿಗೆ ಡೀಸೆಲ್ ಹೊಯ್ದು ಎರಡು ದಿನ ನೆನೆಹಾಕಿದ್ದಾಯಿತು. ಗುರುವಾರ ಬೆಳಿಗ್ಗೆ ಹ್ಯಾಂಡಲ್ ಕೂದಲೆಳೆಯಷ್ಟು ಸರಿಯಿತು, ಆಮೇಲೆ ಅರ್ಧ ಸುತ್ತು. ಹೊಸ ಎಣ್ಣೆ, ಹೊಸ ಪೆಟ್ರೋಲು, ಹೊಸ ಬ್ಯಾಟರಿ. ನಾಲ್ಕನೇ ಸಲಕ್ಕೆ ಎಂಜಿನ್ ಕೆಮ್ಮಿ ಚಾಲೂ ಆದಾಗ ಕೇರಿಯೆಲ್ಲ ಹುರಿದ ಮೀನಿನ ಹೊಗೆ! ಮಾಬ್ಲರು ಸ್ಟೂಲಿನಿಂದೆದ್ದು ಗುಜರಿಯವನಿಗೆ ಫೋನ್ ಮಾಡಿ, ಬರುವುದು ಬೇಡ ಎನ್ನುತ್ತಾರೆ.

"ನಲವತ್ನಾಲ್ಕು ಆತು," ಎಂದು ಜಟ್ಟರು ಕೈ ಒರೆಸಿಕೊಳ್ಳುತ್ತಾರೆ. "ನಂಗೆ ದೊಡ್ಡ ಆಸೆ ಇಲ್ಲ. ಮೊದಲ್ನೇ ದಿನವೇ ಒಬ್ರಾದ್ರೂ ಸತ್ಯ ಹೇಳ್ಬೇಕು."

ತಿಮ್ಮಕ್ಕ ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿದೆ. ಕಣ್ಣು ಒದ್ದೆ, ಮುಖದ ತುಂಬ ನಗು. ಪಕ್ಕದಲ್ಲಿ ಬಂದು ಕೂತು ಗೇರಿಗೆ ಕೈಹಾಕಿದ ಜಟ್ಟರು ಅವರತ್ತ ತಿರುಗಿ ನೋಡುತ್ತಾರೆ.

"ಅಕ್ಕಾ, ಬ್ರೇಕಿಗೂ ಹೊಯ್ದಿದ್ಯಾ?"

ತಿಮ್ಮಕ್ಕ ಶೆಡ್ಡಿನ ಬಾಗಿಲಾಚೆಯ ತೆಂಗಿನ ಮರ ನೋಡುತ್ತಾರೆ. ಜಟ್ಟರು ಎಂಜಿನ್ ಬಂದ್ ಮಾಡಿ ಕಾರಿನಡಿಗೆ ನುಸುಳುತ್ತಾರೆ.