ನೀರು ಬೆರೆಸಿದ ತಲೆನೋವು

ನಮ್ಮವ್ವ ಜಯಲಕ್ಷ್ಮಮ್ಮನಿಗೆ ಅರೆತಲೆನೋವು ಶುರುವಾದದ್ದು ನಾನು ಹುಟ್ಟಿದ ವರ್ಷ. ಹಾಗಾಗಿ ಅದಕ್ಕೆ ನಾನೇ ಕಾರಣ ಅಂತ ನಮ್ಮಪ್ಪ ಚಿಕ್ಕಸ್ವಾಮಿ ಬಹಳ ದಿನ ನಂಬಿದ್ದ. ಆಮೇಲೆ ಇನ್ನೂ ಆಳವಾಗಿ ಯೋಚನೆ ಮಾಡಿ, ನೋವೇ ಇಲ್ಲ, ಬರೀ ನೆಪ ಅಂತ ತೀರ್ಮಾನಿಸಿದ. ಇಪ್ಪತ್ತೈದು ವರ್ಷ ಒಂದೇ ನೆಪವನ್ನು ವಾಂತಿ ಸಮೇತ ಸಾಕಿಕೊಂಡು ಬಂದವಳು ಪಾಲಹಳ್ಳಿಯಲ್ಲಿ ಇವಳೊಬ್ಬಳೇ ಇರಬೇಕು.

ಮದ್ದಿಗೇನೂ ಬರವಿರಲಿಲ್ಲ. ಪಕ್ಕದ ಮನೆಯ ದೊಡ್ಡತಾಯಮ್ಮ ತುಂಬೆಸೊಪ್ಪಿನ ರಸ ಹಿಂಡಿ ಮೂಗಿಗೆ ಬಿಟ್ಟಳು. ಅವತ್ತು ತಲೆಯ ಜೊತೆ ಮೂಗೂ ಉರಿಯಿತು. ಶುಂಠಿ ತೇದು ಹಚ್ಚಿದರೆ ಹಣೆಯ ಚರ್ಮ ಸುಲಿದುಹೋಯಿತು. ಗಂಜಾಂ ನಿಮಿಷಾಂಬೆಗೆ ಹರಕೆ ಹೊತ್ತು ಹೋದರೆ, ಬಿಸಿಲಲ್ಲಿ ಸಾಲು ಕರಗುವಷ್ಟರಲ್ಲಿ ನೋವು ಮತ್ತೆ ಬಂದು ಅವಳ ಜೊತೆಯಲ್ಲೇ ದರ್ಶನ ಮಾಡಿತು. ಯಾರೋ ವಾಸ್ತು ಸರಿಯಿಲ್ಲ, ಅಡುಗೆಮನೆ ಬಾಗಿಲು ತಿರುಗಿಸಿ ಅಂದರು. ಅಪ್ಪ ತಿರುಗಿಸಿದ. ಈಗ ಒಲೆ ಮುಂದೆ ಕೂತರೆ ಕೊಟ್ಟಿಗೆ ಚೆನ್ನಾಗಿ ಕಾಣುತ್ತದೆ. ಕಡೆಗೆ ಅವ್ವ ಅಂಗಡಿಯ ನೋವಿನ ಮಾತ್ರೆಗೆ ಶರಣಾದಳು.

ಅವ್ವ ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್. ಬೆಳಗ್ಗೆ ಆರಕ್ಕೆ ಹೋಗಿ, ಪ್ರತಿಯೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಬಿಟ್ಟು, ಡಿಗ್ರಿ ಬರದಿದ್ದರೆ ನೀರು ಬೆರೆತಿದೆ ಅಂತ ವಾಪಸು ಕಳಿಸುವುದು ಅವಳ ಕೆಲಸ. ಅವಳು ಮೊದಲು ವಾಪಸು ಕಳಿಸಿದ ಕ್ಯಾನು ನಮ್ಮಪ್ಪನದು. ಊರಿಗೆ ಅವಳ ಮೇಲೆ ನಂಬಿಕೆ ಹುಟ್ಟಿದ್ದೇ ಅವತ್ತು. ಅಪ್ಪ ಮೂರು ದಿನ ಅವಳ ಕೈಯ ಮುದ್ದೆ ಮುಟ್ಟಲಿಲ್ಲ, ದೊಡ್ಡತಾಯಮ್ಮನ ಮನೆಯಲ್ಲಿ ಹೊಟ್ಟೆತುಂಬ ಉಂಡು ಮುನಿಸಿಕೊಂಡ. ಅವ್ವನಿಗೆ ಆ ಕೆಲಸವೆಂದರೆ ಪ್ರಾಣ. ಮನೆಯಲ್ಲಿ ಯಾರೂ ಕೇಳದ ಅವಳ ಮಾತನ್ನು ಅಲ್ಲಿ ಊರೇ ಸಾಲಲ್ಲಿ ನಿಂತು ಕೇಳುತ್ತಿತ್ತು.

ಹೋದ ವರ್ಷದಿಂದ ನೋವು ಜಾಸ್ತಿಯಾಗಿ, ಏಳಲಾಗದ ಬೆಳಗುಗಳು ಹೆಚ್ಚಾದವು. ಡೇರಿ ಅಧ್ಯಕ್ಷ ಪುಟ್ಟರಾಜು, ಯುಗಾದಿಯೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ಹಾಕುತ್ತೇನೆ ಅಂತ ಹೇಳಿಕಳಿಸಿದ. ಬೇರೆಯವರು ಅಂದರೆ ಅವನ ಭಾಮೈದ ಅಂತ ಊರಿನ ಕರುಗಳಿಗೂ ಗೊತ್ತಿತ್ತು.

ನಾನು ಮದುವೆಯಾಗಿ ಗಂಜಾಂನಲ್ಲಿದ್ದೇನೆ, ಶ್ರೀರಂಗಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅಲ್ಲಿಗೆ ಹತ್ತಿರದ ಕ್ಲಿನಿಕ್ಕಿಗೆ ಶನಿವಾರ ಮೈಸೂರಿನಿಂದ ತಲೆನೋವಿನ ಸ್ಪೆಷಲಿಸ್ಟ್ ಬರುತ್ತಾರೆ ಅಂತ ತಿಳಿದು ಮನೆಗೆ ಫೋನು ಮಾಡಿದೆ. ತಲೆನೋವಿಗೇ ಒಬ್ಬ ಡಾಕ್ಟರಾದರೆ ಹಿಮ್ಮಡಿಗೊಬ್ಬ, ಮೊಣಕೈಗೊಬ್ಬ ಇರಬೇಕಲ್ಲ ಅಂತ ಅಪ್ಪ ವಿಚಾರಿಸಿದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅರ್ಧ ಗಂಟೆ ಅವ್ವನ ಮಾತು ಕೇಳಿದರು. ಇಪ್ಪತ್ತೈದು ವರ್ಷದಲ್ಲಿ ಆ ನೋವಿನ ಬಗ್ಗೆ ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ತಿಂಗಳು ಪುಸ್ತಕ ಬರೆಯಿರಿ ಅಂದರು: ದಿನಾ ನೋವು ಹತ್ತಕ್ಕೆ ಎಷ್ಟು, ಮಾತ್ರೆ ಎಷ್ಟು. ಅದನ್ನು ನೋಡಿ ಔಷಧ ಕೊಡುವುದು. ನೋವಿದ್ದ ದಿನ ಅವ್ವ ಬೆಳಕಿಗೆ ಕಣ್ಣು ಬಿಡಲಾರಳು. ಆದ್ದರಿಂದ ಅವಳು ಹೇಳುವುದು, ಅಪ್ಪ ಬರೆಯುವುದು ಅಂತಾಯಿತು. ಆ ಏರ್ಪಾಡು ಮಾಡಿದ ಬುದ್ಧಿವಂತೆ ನಾನೇ.

ತಿಂಗಳಾದ ಮೇಲೆ ಅಪ್ಪ ಇಸ್ತ್ರಿ ಷರ್ಟು ಹಾಕಿಕೊಂಡು ಅವ್ವನ ಜೊತೆ ಕ್ಲಿನಿಕ್ಕಿಗೆ ಬಂದ. ಡಾಕ್ಟರು ಪುಸ್ತಕ ತಿರುವಿದರು. ತಿಂಗಳಿಗೆ ಆರು ದಿನ ನೋವು, ಅದೂ ಮೂರು, ನಾಲ್ಕು. ಮಾತ್ರೆ ಒಟ್ಟು ಐದು. ಇಷ್ಟಕ್ಕೆ ದಿನಾ ಔಷಧ ನುಂಗುವುದು ಬೇಡ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಯುಗಾದಿಗೆ ಉಳಿದಿದ್ದದ್ದು ಒಂದೇ ತಿಂಗಳು.

ಅವ್ವ ಪುಸ್ತಕ ಇಸಿದುಕೊಂಡಳು. ಡೇರಿಯಲ್ಲಿ ಡಿಗ್ರಿ ನೋಡುವಾಗ ಮಾಡುವಂತೆ ಕಣ್ಣಿನ ಮಟ್ಟಕ್ಕೆ ಹಿಡಿದು ಒಂದೊಂದೇ ಪುಟ ನೋಡಿದಳು. ಆಮೇಲೆ ಬ್ಯಾಗಿನಿಂದ ರಬ್ಬರ್‌ಬ್ಯಾಂಡ್ ಹಾಕಿದ ಖಾಲಿ ಮಾತ್ರೆಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಹತ್ತು ಮಾತ್ರೆಯ ಮೂರು ಹಾಳೆ, ಆ ಒಂದೇ ತಿಂಗಳದು.

"ಇದ್ಕೆ ನೀರ್ ಬೆರ್ಸವ್ರೆ ಡಾಕ್ಟ್ರೇ. ನಾನು ಎಂಟು ಅಂದ್ರೆ ಇವ್ರು ನಾಕು ಬರ್ದವ್ರೆ."

ಅಪ್ಪ ಫ್ಯಾನು ನೋಡಿದ. ಡಾಕ್ಟರು ಅಪ್ಪನನ್ನು ನೋಡಿದರು. ಎಂಟು ಅಂತ ಬರೆಯಲು ಕೈ ಬರಲಿಲ್ಲ ಅಂತ ಕಡೆಗೆ ಗೊಣಗಿದ. ಬರುವುದಾದರೂ ಹೇಗೆ? ಎಂಟು ಅಂತ ಬರೆದುಬಿಟ್ಟರೆ ಇಷ್ಟು ವರ್ಷ ನೆಪ ಅಂದದ್ದನ್ನೆಲ್ಲ ಎಲ್ಲಿಡುವುದು? ನನಗೆ ಪಾಪ ಅನ್ನಿಸಿತು, ಆದರೆ ಸಿಟ್ಟೇ ಹೆಚ್ಚು ಬಂತು.

ಡಾಕ್ಟರು ಹಾಳೆಗಳನ್ನು ಎಣಿಸಿ ವಿಷಯ ಬಿಡಿಸಿ ಹೇಳಿದರು. ಹೆಚ್ಚುಕಮ್ಮಿ ದಿನಾ ನುಂಗುವ ನೋವಿನ ಮಾತ್ರೆಯೇ ಈಗ ನೋವನ್ನು ಬೆಳೆಸುತ್ತಿದೆ. ಅದನ್ನು ನಿಲ್ಲಿಸಬೇಕು, ನೋವು ಬಾರದಂತೆ ತಡೆಯುವ ಬೇರೆ ಔಷಧ ಶುರು ಮಾಡಬೇಕು. ಮೊದಲ ಎರಡು ವಾರ ಈಗಿನದಕ್ಕಿಂತ ಜೋರಾಗಿ ಬರಬಹುದು, ತಡೆದುಕೊಳ್ಳಬೇಕು. ಯುಗಾದಿ ಹೊತ್ತಿಗೆ ಡೇರಿಗೆ ಹೋಗಬಹುದಾ ಅಂತ ಮಾತ್ರ ಅವ್ವ ಕೇಳಿದಳು. ಹೋಗಬಹುದು ಅನ್ನಿಸುತ್ತದೆ, ಪುಸ್ತಕ ಮಾತ್ರ ಸರಿಯಾಗಿ ಬರೆಯಿರಿ ಅಂದರು.

ಆ ಎರಡು ವಾರ ಅವ್ವ ಕಿಟಕಿಗೆ ಕಂಬಳಿ ಕಟ್ಟಿಸಿಕೊಂಡು ಮಲಗಿದಳು. ಅಪ್ಪ ಪಕ್ಕದಲ್ಲಿ ಕೂತು, ಎಷ್ಟು ಬರೀಲಿ ಅಂತ ಕೇಳಿ ಕೇಳಿ ಬರೆದ. ಬರೆಯಬೇಕಾದರೆ ನೋಡಲೇಬೇಕಲ್ಲ. ಐದನೆಯ ದಿನ ಡೇರಿಯ ಸಾಲಿನಲ್ಲಿ ಪುಟ್ಟರಾಜು ಎಂದಿನ ತಮಾಷೆ ತೆಗೆದ: ಏನ್ಲಾ ಚಿಕ್ಕಸ್ವಾಮಿ, ನಿನ್ನೆಂಡ್ರುಗೆ ಇವತ್ತೂ ನೆಪವಾ ಅಂತ. ಎಂದಿನಂತಾದರೆ ಅಪ್ಪನೂ ಜೊತೆಗೆ ನಗಬೇಕಿತ್ತು.

"ನೆಪ ಅಲ್ಲ ಕಣ್ಲಾ," ಅಂದನಂತೆ. "ಇವತ್ತು ಒಂಬತ್ತು. ನಾನೇ ಬರ್ದಿವ್ನಿ."

ಸಾಲಿನಲ್ಲಿದ್ದ ಯಾರೂ ನಗಲಿಲ್ಲ ಅಂತ ದೊಡ್ಡತಾಯಮ್ಮ ನನಗೆ ಫೋನು ಮಾಡಿ ಹೇಳಿದಳು. ಅದನ್ನು ಕೇಳಿ ನಾನು ಜೆರಾಕ್ಸ್ ಮೆಷಿನ್ನಿನ ಹಿಂದೆ ನಿಂತು ಅತ್ತೆ.

ಅಷ್ಟರಲ್ಲಿ ಅವ್ವನ ಬದಲು ಟೆಸ್ಟಿಂಗಿಗೆ ಕೂತಿದ್ದ ಪುಟ್ಟರಾಜುವಿನ ಭಾಮೈದನ ಕೈಗುಣ ಎಂಥದ್ದೆಂದರೆ, ಒಂದೇ ವಾರದಲ್ಲಿ ಊರಿನ ಎಲ್ಲರ ಹಾಲೂ ಪಾಸಾಯಿತು. ಎರಡನೆಯ ವಾರ ಇಡೀ ಊರಿನ ಹಾಲು, ನೀರು ಜಾಸ್ತಿ ಅಂತ ಹಾಲು ಒಕ್ಕೂಟದಿಂದ ವ್ಯಾನಿನಲ್ಲಿ ವಾಪಸು ಬಂತು. ಜಯಕ್ಕ ಯಾವಾಗ ಏಳುತ್ತಾಳೆ ಅಂತ ಪುಟ್ಟರಾಜು ದಿನಕ್ಕೆರಡು ಸಲ ನಮ್ಮ ಜಗಲಿಗೆ ಬರತೊಡಗಿದ.

ಮೂರನೆಯ ವಾರದಿಂದ ನೋವು ಇಳಿಯತೊಡಗಿತು. ಯುಗಾದಿಗೆ ನಾಲ್ಕು ದಿನ ಇರುವಾಗ ಅವ್ವ ತಲೆಗೆ ಬಟ್ಟೆ ಬಿಗಿದುಕೊಂಡು ಡೇರಿಗೆ ಹೋದಳು. ಸಾಲಿನಲ್ಲಿ ಮೊದಲಿಗೆ ಅಪ್ಪನೇ ನಿಂತಿದ್ದ. ಹದಿನೈದು ದಿನ ಸೇವೆ ಮಾಡಿದ ಗಂಡನಿಗೆ ಅಷ್ಟೂ ರಿಯಾಯಿತಿ ಇಲ್ಲವೇ ಅಂದುಕೊಂಡಿದ್ದನೋ ಏನೋ. ಅವ್ವ ಲ್ಯಾಕ್ಟೋಮೀಟರ್ ಬಿಟ್ಟು, ಬಗ್ಗಿ ನೋಡಿ, ಡಿಗ್ರಿ ಬಂದಿಲ್ಲ, ತಗೊಂಡೋಗಿ ಅಂದಳು.

ಆ ಶನಿವಾರ ಕ್ಲಿನಿಕ್ಕಿನಲ್ಲಿ ಪುಸ್ತಕ ಬಿಚ್ಚಿದಾಗ, ಹಾಲು ವಾಪಸಾದ ದಿನದ ಎದುರು ಅಪ್ಪ ತನ್ನ ದಪ್ಪ ಅಕ್ಷರದಲ್ಲಿ ಬರೆದಿದ್ದ: ಜಯಂಗೆ ಎರಡು. ಮಾತ್ರೆ ಇಲ್ಲ. ನನಗೆ ಎಂಟು.