ಸೌಂಡ್ ಕಾರ್ಡ್ ಆರಿಸಿದ ಕಿವಿ

ಮಧುಗಿರಿಯ ಕಂಪ್ಯೂಟರ್ ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೂತಿದ್ದ ನಾನು “ಎಡಗಡೆ ಹಿಂದಿಂದ ಬರ್ತಾವ್ನೆ ಕಣವ್ವಾ, ತಿರುಗು!” ಎಂದು ಕೂಗಿಬಿಟ್ಟೆ. ಪಕ್ಕದಲ್ಲಿ ಗೇಮ್ ಆಡುತ್ತಿದ್ದ ಮೊಮ್ಮಗಳು ಭವ್ಯ ತಿರುಗಿ ಶತ್ರುವನ್ನು ಹೊಡೆದಳು.

ಶತ್ರುವಿನ ಹೆಜ್ಜೆ ಯಾವ ಕಡೆಯದೆಂದು ತಿಳಿಯದೆ ದಿನವೂ ಸೋತು ಅಳುತ್ತಿದ್ದವಳಿಗೆ ಒಳ್ಳೆಯ ಸೌಂಡ್ ಕಾರ್ಡ್ ಬೇಕಿತ್ತು. ಅಂಗಡಿಯ ಮಹಾಪಂಡಿತರು ಮೊದಲು ಹಾಕಿದ್ದು ಬಣ್ಣದ ದೀಪ ಮಿನುಗುವ ದುಬಾರಿ ಕಾರ್ಡ್. ಅದರಲ್ಲಿ ಹೆಜ್ಜೆಗಳೆಲ್ಲ ಡೋಲಿನಂತೆ ಎರಡೂ ಕಿವಿಗೆ ಒಟ್ಟಿಗೆ ಬಡಿದವು. ದೀಪ ಕಂಡು ಶತ್ರುವೇ ಹೆದರಿ ಓಡಬೇಕು, ಅಷ್ಟೆ! ರಾತ್ರಿ ಕಾಡುಹಂದಿ ಬರುವ ದಿಕ್ಕನ್ನು ಸದ್ದಿನಿಂದಲೇ ಹಿಡಿದು ಕಡಲೆಕಾಯಿ ಹೊಲ ಕಾದವನು ನಾನು. ಎರಡನೆಯ ಸಾದಾ ಕಾರ್ಡ್ ಹಾಕಿದಾಗಲೇ ನನ್ನ ಬಾಯಿಂದ ಹೊರಟಿದ್ದು ಆ “ತಿರುಗು!” ಎಂಬ ಕೂಗು. ಅದನ್ನೇ ತಂದೆವು.

ಈಗ ಊಟಕ್ಕೆ ಕರೆದರೂ ಹೆಡ್‌ಫೋನ್ ಹಾಕಿದ ಮಹಾರಾಣಿಗೆ ಕೇಳಿಸುವುದಿಲ್ಲ. ಆದರೆ “ಗೆದ್ಬುಟ್ಟೆ ತಾತಾ!” ಎಂದು ಅವಳು ಕಿರುಚುವುದು ನಾನು ಬೀದಿಯ ಕೊನೆಯಲ್ಲಿದ್ದರೂ ಕೇಳಿಸುತ್ತದೆ. ಎಷ್ಟು ಕೇಳಿದರೂ ಸಾಲದು.